ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ ಮತ್ತು ಗೋವಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ದಂತವೈದ್ಯರ ಬಳಿಗೋ, ರಕ್ತಪರೀಕ್ಷೆಯ ವರದಿ ಹಿಡಿದು ಹೃದಯತಜ್ಞರ ಬಳಿಗೋ ಹೋದಾಗ ಮಾತುಕತೆ ಮರಾಠಿ, ಹಿಂದಿ, ಕೊಂಕಣಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮನೆಗೆ ಮರಳಿದ ಮೇಲೆ ಅದನ್ನೆಲ್ಲ ಹಿರಿಯರಿಗೆ ಕನ್ನಡದಲ್ಲಿ ವಿವರಿಸುವ ಹೊಣೆ ಯಾರಾದರೊಬ್ಬರ ಮೇಲೆ ಬೀಳುತ್ತದೆ. ಅಂಥವರಿಗೆ ನೆರವಾಗಲೆಂದು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ; ಔಷಧವನ್ನು ಆರಂಭಿಸುವ ಅಥವಾ ನಿಲ್ಲಿಸುವ ತೀರ್ಮಾನ ನಿಮ್ಮನ್ನು ಕಣ್ಣಾರೆ ಪರೀಕ್ಷಿಸಿದ ವೈದ್ಯರದು.

ಸ್ಟ್ರೆಪ್ಟೊಕಾಕಸ್ ಎಂದರೇನು? ಅದು ಎಲ್ಲರ ಬಾಯಲ್ಲೂ ಇರುತ್ತದೆಯೇ?

ಇರುತ್ತದೆ. ಗುಂಡನೆಯ ಕೋಶಗಳು ಒಂದರ ಪಕ್ಕ ಒಂದು ಸಾಲುಗಟ್ಟಿ ಬೆಳೆಯುವ ಬ್ಯಾಕ್ಟೀರಿಯಾಗಳ ಒಂದು ದೊಡ್ಡ ಕುಲಕ್ಕೆ ಈ ಹೆಸರು. ಮನುಷ್ಯರ ಬಾಯಿಯಲ್ಲಿ ಇದುವರೆಗೆ ಸುಮಾರು 700 ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದ್ದು, ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಹತ್ತು ಕೋಟಿಯ ಆಸುಪಾಸಿನಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಸ್ಟ್ರೆಪ್ಟೊಕಾಕಸ್‌ಗಳ ಪಾಲು ದೊಡ್ಡದು. ಒಂದೊಂದು ಜಾತಿಗೂ ತನ್ನದೇ ಆದ ನೆಲೆಯುಂಟು. ಸಲಿವೇರಿಯಸ್ ಹೆಚ್ಚಾಗಿ ನಾಲಿಗೆಯ ಮೇಲೆ, ಮೈಟಿಸ್ ಕೆನ್ನೆಯ ಒಳಪದರದ ಮೇಲೆ, ಸ್ಯಾಂಗ್ವಿನಿಸ್, ಗಾರ್ಡೋನಿ ಮತ್ತು ಮ್ಯೂಟನ್ಸ್ ಹಲ್ಲಿನ ಮೇಲೆ, ಆಂಜಿನೋಸಸ್ ಗುಂಪಿನವು ಒಸಡು ಮತ್ತು ಹಲ್ಲಿನ ನಡುವಿನ ಸಂದಿನಲ್ಲಿ ಸಿಗುತ್ತವೆ. ಹಾಲೆಂಡಿನ ಆಂಟನಿ ವಾನ್ ಲೇವನ್‌ಹುಕ್ 1683ರಷ್ಟು ಹಿಂದೆಯೇ ತನ್ನ ಹಲ್ಲಿನ ಬಿಳಿ ಪಾಚಿಯನ್ನು ಕೆರೆದು ಮಸೂರದಡಿ ನೋಡಿ, ಅದರಲ್ಲಿ ಓಡಾಡುವ ಸೂಕ್ಷ್ಮಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ.

ಹೀಗಿರುವಾಗ, ನಿಮ್ಮ ಬಾಯಲ್ಲಿ ಸ್ಟ್ರೆಪ್ಟೊಕಾಕಸ್ ಇದೆ ಎಂಬುದು ರೋಗವಲ್ಲ. ಮುಂದಿನ ಉತ್ತರಗಳಲ್ಲೆಲ್ಲ ಎರಡು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ: ನಾವು ಇವುಗಳಿಗೆ ಏನನ್ನು, ಎಷ್ಟು ಸಲ ಉಣಿಸುತ್ತೇವೆ ಎಂಬುದು ಒಂದು; ಇವು ತಮ್ಮ ಜಾಗ ಬಿಟ್ಟು ದೇಹದ ಬೇರೆ ಕಡೆಗೆ ಹೋಗಿ ನೆಲೆಯೂರಿದವೇ ಎಂಬುದು ಇನ್ನೊಂದು.

ವರದಿಯಲ್ಲಿ "ವಿರಿಡಾನ್ಸ್ ಸ್ಟ್ರೆಪ್ಟೊಕಾಕೈ" ಎಂದು ಬಂದಿದೆ. ಹೆದರಬೇಕೇ?

ಯಾವ ಮಾದರಿಯ ವರದಿ ಎಂಬುದನ್ನು ಮೊದಲು ನೋಡಬೇಕು. ಬಾಯಿಯ ಬಹುತೇಕ ಸ್ಟ್ರೆಪ್ಟೊಕಾಕಸ್‌ಗಳಿಗೆ ಒಟ್ಟಾಗಿ ವಿರಿಡಾನ್ಸ್ ಗುಂಪು ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ರಕ್ತ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದಾಗ ಇವುಗಳಲ್ಲಿ ಹಲವು ತಮ್ಮ ಸುತ್ತ ಹಸಿರು ಛಾಯೆಯನ್ನು ಉಂಟುಮಾಡುತ್ತವೆ. ಗಂಟಲಿನ ಅಥವಾ ಕಫದ ಮಾದರಿಯಲ್ಲಿ ಇವು ಕಂಡುಬಂದರೆ ಅದು ನಿರೀಕ್ಷಿತವೇ, ಏಕೆಂದರೆ ಮಾದರಿ ಬಾಯಿಯ ಮೂಲಕವೇ ಹೊರಬಂದಿರುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ರಕ್ತದ ಮಾದರಿಯಾದರೆ ಮಾತು ಬೇರೆ. ಚರ್ಮದಿಂದಲೋ ಬೇರೆ ಕಡೆಯಿಂದಲೋ ಆಕಸ್ಮಿಕವಾಗಿ ಬೆರಕೆಯಾಗಿ ಒಂದು ಬಾಟಲಿಯಲ್ಲಿ ಮಾತ್ರ ಇವು ಬೆಳೆದಿರಬಹುದು; ಆದರೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಅಥವಾ ಹೆಚ್ಚು ಮಾದರಿಗಳಲ್ಲಿ ಅದೇ ಜಾತಿ ಬೆಳೆದಿದ್ದರೆ ಹೃದಯದ ಕವಾಟಗಳನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಗಂಟಲು ನೋವು, ಸಂಧಿವಾತ ಜ್ವರ ತರುವ ಸ್ಟ್ರೆಪ್ಟೊಕಾಕಸ್ ಇದೇ ತಾನೇ?

ಅಲ್ಲ. ಅದು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಎಂಬ ಬೇರೆ ಜಾತಿ. ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ ಈ ಜಾತಿಯಿಂದ ಗಂಟಲಿನ ಸೋಂಕು ತಗಲಿ, ಸರಿಯಾದ ಚಿಕಿತ್ಸೆ ಸಿಗದೆ ಹೋದರೆ, ಕೆಲವರಲ್ಲಿ ಕೆಲವು ವಾರಗಳ ಬಳಿಕ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಅಲ್ಲಿ ಕವಾಟವನ್ನು ಕೆಡಿಸುವುದು ಬ್ಯಾಕ್ಟೀರಿಯಾ ಸ್ವತಃ ಅಲ್ಲ, ಅದರ ವಿರುದ್ಧ ಎದ್ದ ನಮ್ಮದೇ ರೋಗನಿರೋಧಕ ಪ್ರತಿಕ್ರಿಯೆ. ಎರಡೂ ಕಥೆಗಳು ಮುಂದೆ ಒಂದೆಡೆ ಕೂಡುತ್ತವೆ ಎಂಬುದು ನಿಜ: ಪಯೋಜಿನಿಸ್‌ನಿಂದಾಗಿ ಒಮ್ಮೆ ಹಾಳಾದ ಕವಾಟದ ಮೇಲೆ, ವರ್ಷಗಳ ನಂತರ, ಬಾಯಿಯ ಸ್ಟ್ರೆಪ್ಟೊಕಾಕಸ್ ಬಂದು ಕೂರಬಹುದು.

ನ್ಯುಮೋನಿಯೆ ಎಂಬ ಜಾತಿ ಮಾತ್ರ ವಿಚಿತ್ರವಾದದ್ದು. ಪುಪ್ಪುಸದ ಸೋಂಕು ಮತ್ತು ಮೆದುಳುಪೊರೆಯ ಉರಿಯೂತಕ್ಕೆ ಕುಖ್ಯಾತವಾದ ಅದು ವಂಶವಾಹಿಗಳ ಲೆಕ್ಕದಲ್ಲಿ ಕೆನ್ನೆಯೊಳಗಿನ ಸಾಧು ಮೈಟಿಸ್‌ನ ಅತಿ ಹತ್ತಿರದ ಬಂಧು.

ಮಗುವಿಗೆ ಇವು ಯಾವಾಗ ಬರುತ್ತವೆ? ಅಜ್ಜಿ ತನ್ನ ಚಮಚದಲ್ಲೇ ಉಣಿಸಬಹುದೇ?

ಹುಟ್ಟಿದ ಕೆಲವೇ ದಿನಗಳಲ್ಲಿ ಸಲಿವೇರಿಯಸ್ ಮತ್ತು ಮೈಟಿಸ್‌ನಂಥವು ಮಗುವಿನ ನಾಲಿಗೆ, ಕೆನ್ನೆಗಳ ಮೇಲೆ ನೆಲೆಸುತ್ತವೆ. ಹಲ್ಲಿನ ಗಟ್ಟಿ ಮೇಲ್ಮೈಯನ್ನೇ ನೆಚ್ಚಿಕೊಂಡ ಸ್ಯಾಂಗ್ವಿನಿಸ್ ಮತ್ತು ಮ್ಯೂಟನ್ಸ್‌ಗೆ ಹಲ್ಲು ಮೂಡುವವರೆಗೆ ಅಲ್ಲಿ ಚೆನ್ನಾಗಿ ಬೇರೂರಲು ಅವಕಾಶ ಕಡಿಮೆ. ಅಮೆರಿಕದ ಪೇಜ್ ಕಾಫೀಲ್ಡ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಮಕ್ಕಳು ಮ್ಯೂಟನ್ಸ್ ಅನ್ನು ಪಡೆದದ್ದು 19ರಿಂದ 31 ತಿಂಗಳ ನಡುವಿನ ಅವಧಿಯಲ್ಲಿ. ತಾಯಿ ಮತ್ತು ಮಗುವಿನ ಬಾಯಿಯ ತಳಿಗಳನ್ನು ಹೋಲಿಸಿ ನೋಡಿದರೆ ಬಹಳ ಸಲ ಅವು ಒಂದೇ ಆಗಿರುತ್ತವೆ. ಅಂದರೆ ಬರುವ ದಾರಿ ಜೊಲ್ಲು.

ನಮ್ಮ ಮನೆಗಳಲ್ಲಿ ಎಂಜಲಿನ ವಿಚಾರದಲ್ಲಿ ಬಿಗಿಯಾಗಿರುವವರೂ ಮಗುವಿನ ಮಟ್ಟಿಗೆ ಆ ಕಟ್ಟಳೆಯನ್ನು ಸಡಿಲಿಸುತ್ತಾರೆ: ಅನ್ನದ ಬಿಸಿ ನೋಡಲು ಅದೇ ಚಮಚವನ್ನು ಬಾಯಿಗಿಟ್ಟುಕೊಳ್ಳುವುದು, ಕೆಳಗೆ ಬಿದ್ದ ಚೀಪುವ ನಿಪ್ಪಲನ್ನು ತಾವು ಚೀಪಿ ಮಗುವಿಗೆ ಕೊಡುವುದು, ಅಗಿದ ತುತ್ತನ್ನು ಉಣಿಸುವುದು. ಇವನ್ನು ಬಿಡುವುದು ಒಳ್ಳೆಯದು. ಹಾಗೆಂದು ಅಜ್ಜಿ ಮೊಮ್ಮಗಳಿಗೆ ಮುತ್ತಿಡುವುದನ್ನು ತಡೆಯುವ ಅತಿಗೆ ಹೋಗಬೇಕಾಗಿಲ್ಲ. ಒಂದೇ ಮನೆಯಲ್ಲಿ ಬೆಳೆಯುವ ಮಗುವಿಗೆ ಮನೆಯವರ ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ಮಗುವನ್ನು ಎತ್ತಿ ಆಡಿಸುವವರ ಬಾಯಲ್ಲಿರುವ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿಸುವುದು, ಸಾಧ್ಯವಾದರೆ ಬಸುರಿಯಾಗಿರುವಾಗಲೇ ತಾಯಿಯ ಹಲ್ಲುಗಳನ್ನು ತೋರಿಸುವುದು ಹೆಚ್ಚು ಫಲ ಕೊಡುವ ಉಪಾಯ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ರೆ ಹೋಗುವ ರೂಢಿಯಂತೂ ಮೇಲಿನ ಸಾಲಿನ ಮುಂದಿನ ಹಲ್ಲುಗಳನ್ನು ಎರಡು ವರ್ಷ ತುಂಬುವ ಮೊದಲೇ ಕರಗಿಸಿಬಿಡಬಲ್ಲದು.

ಇವುಗಳಿಂದ ಪ್ರಯೋಜನವೂ ಇದೆಯೇ?

ಇದೆ, ಮತ್ತು ಅದು ಸಣ್ಣದಲ್ಲ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳ ತೆಳುಪದರವೊಂದು ಹಲ್ಲಿನ ಮೇಲೆ ಕೂರುತ್ತದೆ. ಗಂಟೆಗಳೊಳಗೆ ಆ ಪದರಕ್ಕೆ ಮೊದಲು ಬಂದು ಅಂಟಿಕೊಳ್ಳುವವು ಬಹುಪಾಲು ಸ್ಯಾಂಗ್ವಿನಿಸ್, ಒರಾಲಿಸ್, ಮೈಟಿಸ್, ಗಾರ್ಡೋನಿಯಂಥ ಸ್ಟ್ರೆಪ್ಟೊಕಾಕಸ್‌ಗಳೇ. ಬೋರಿವಲಿಯಲ್ಲಿ ರೈಲು ಹೊರಡುವಾಗಲೇ ಸೀಟು ಹಿಡಿದು ಕೂತವರು ಅಂಧೇರಿಯಲ್ಲಿ ಏರುವವರಿಗೆ ಜಾಗ ಉಳಿಸದಂತೆ, ಇವು ಮೊದಲೇ ನೆಲೆಯೂರಿರುವುದರಿಂದ ಹೊರಗಿನ ರೋಗಾಣುಗಳಿಗೆ ಕಾಲೂರಲು ಎಡೆ ಸಿಗುವುದಿಲ್ಲ. ಸ್ಯಾಂಗ್ವಿನಿಸ್ ಮತ್ತು ಗಾರ್ಡೋನಿ ಹೈಡ್ರೋಜನ್ ಪೆರಾಕ್ಸೈಡನ್ನು ಉತ್ಪಾದಿಸಿ ಮ್ಯೂಟನ್ಸ್‌ನ ಬೆಳವಣಿಗೆಯನ್ನು ಹತ್ತಿಕ್ಕುತ್ತವೆ. ಇವೆರಡೂ ಜೊಲ್ಲಿನಲ್ಲಿರುವ ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡುವುದರಿಂದ ಹಲ್ಲಿನ ಮೇಲಿನ ಹುಳಿ ತಗ್ಗುತ್ತದೆ. ಸಲಿವೇರಿಯಸ್‌ನ ಕೆಲವು ತಳಿಗಳು ಯೂರಿಯಾವನ್ನು ಒಡೆದು ಇದೇ ಕೆಲಸ ಮಾಡುತ್ತವೆ. ಸಲಿವೇರಿಯಸ್‌ನ ಇನ್ನು ಕೆಲವು ತಳಿಗಳು ಗಂಟಲು ನೋವಿನ ಪಯೋಜಿನಿಸ್ ಅನ್ನು ಕೊಲ್ಲುವ ಚಿಕ್ಕ ಪ್ರೋಟೀನುಗಳನ್ನು ಸ್ರವಿಸುತ್ತವೆ.

ಹಾಗಾದರೆ ಹಲ್ಲು ಹುಳುಕಾಗುವುದು ಹೇಗೆ? ಹುಳ ಇರುವುದು ನಿಜವೇ?

ಹುಳ ಇಲ್ಲ. ಗುಳ್ಳದ ಬೀಜದ ಹೊಗೆ ಹಿಡಿಸಿ ಹುಳ ಉದುರಿಸುತ್ತೇವೆ ಎನ್ನುವವರು ಊರ ಜಾತ್ರೆಗಳಲ್ಲಿದ್ದಂತೆ ಇಲ್ಲಿನ ಸ್ಟೇಷನ್ನುಗಳ ಹೊರಗೂ ಕುಳಿತಿರುತ್ತಾರೆ. ಅವರ ಬಳಿ ಹೋಗಬೇಡಿ.

ಜರ್ಮನಿಯಲ್ಲಿ ಕೆಲಸ ಮಾಡಿದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿಯೇ, ಬಾಯಿಯ ಬ್ಯಾಕ್ಟೀರಿಯಾಗಳು ಪಿಷ್ಟ ಮತ್ತು ಸಕ್ಕರೆಗಳಿಂದ ತಯಾರಿಸುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ವಾದಿಸಿದ್ದ. 1924ರಲ್ಲಿ ಲಂಡನ್ನಿನ ಜೆ. ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಆಮೇಲೆ ಸುಮಾರು ನಾಲ್ಕು ದಶಕ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 1950ರ ದಶಕದಲ್ಲಿ ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಎಷ್ಟು ಸಕ್ಕರೆ ತಿನ್ನಿಸಿದರೂ ಹಲ್ಲು ಹುಳುಕಾಗಲಿಲ್ಲ. 1960ರ ಸುಮಾರಿಗೆ ಪಾಲ್ ಕೀಸ್ ಮತ್ತು ರಾಬರ್ಟ್ ಫಿಟ್ಜ್‌ಜೆರಾಲ್ಡ್ ಅವರು ಹ್ಯಾಮ್‌ಸ್ಟರ್‌ಗಳಲ್ಲಿ ಹುಳುಕು ಒಂದರಿಂದ ಇನ್ನೊಂದಕ್ಕೆ ಹರಡಬಲ್ಲದೆಂದು ತೋರಿಸಿದರು. ಆಗ ಕ್ಲಾರ್ಕನ ಬ್ಯಾಕ್ಟೀರಿಯಾಕ್ಕೆ ಮತ್ತೆ ಜೀವ ಬಂತು.

ಮ್ಯೂಟನ್ಸ್‌ಗೆ ಮೂರು ಶಕ್ತಿಗಳಿವೆ. ನಾವು ದಿನವೂ ಬಳಸುವ ಸಕ್ಕರೆಯಿಂದ, ಅಂದರೆ ಸುಕ್ರೋಸ್‌ನಿಂದ, ಅದು ನೀರಿನಲ್ಲಿ ಕರಗದ ಅಂಟನ್ನು ತಯಾರಿಸಿ ಹಲ್ಲಿಗೆ ಬಿಗಿಯಾಗಿ ಹತ್ತಿಕೊಳ್ಳುತ್ತದೆ, ಜೊತೆಗೆ ಬೇರೆ ಬ್ಯಾಕ್ಟೀರಿಯಾಗಳಿಗೂ ಆ ಅಂಟಿನಲ್ಲಿ ಮನೆ ಮಾಡಿಕೊಡುತ್ತದೆ. ಸಕ್ಕರೆಯನ್ನು ಬೇಗಬೇಗ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತದೆ. ತಾನೇ ಉಂಟುಮಾಡಿದ ಹುಳಿಯಲ್ಲಿ, ಸ್ಯಾಂಗ್ವಿನಿಸ್‌ನಂಥ ಸೌಮ್ಯ ಜಾತಿಗಳು ಸೊರಗುವ ಹೊತ್ತಿನಲ್ಲಿಯೂ, ಅದು ಕೆಲಸ ನಿಲ್ಲಿಸುವುದಿಲ್ಲ. ಹಲ್ಲಿನ ಮೇಲ್ಪದರವಾದ ಎನಾಮೆಲ್ ಸುಮಾರು 5.5ಕ್ಕಿಂತ ಕಡಿಮೆ ಪಿಎಚ್ ಮಟ್ಟದಲ್ಲಿ (ಪಿಎಚ್ ಎಂದರೆ ಹುಳಿಯ ಅಳತೆ; ಅದು ಇಳಿದಷ್ಟೂ ಹುಳಿ ಹೆಚ್ಚು) ಕರಗತೊಡಗುತ್ತದೆ. ಒಳಗಿನ ಡೆಂಟಿನ್ ಮತ್ತು ವಯಸ್ಸಾದವರಲ್ಲಿ ಒಸಡು ಸರಿದು ಹೊರಗೆ ಕಾಣುವ ಬೇರು ಇನ್ನೂ ಸೌಮ್ಯವಾದ ಹುಳಿಗೇ ಕರಗುತ್ತವೆ.

ಆದರೂ ಮ್ಯೂಟನ್ಸ್ ಒಂದನ್ನೇ ಖಳನನ್ನಾಗಿ ಮಾಡುವುದು ಈಗ ಸರಿಯೆನಿಸುವುದಿಲ್ಲ. ಅದು ಇದ್ದೂ ಹುಳುಕಿಲ್ಲದ ಬಾಯಿಗಳಿವೆ, ಅದು ತೀರ ಕಡಿಮೆಯಿದ್ದೂ ಹುಳುಕಾದ ಹಲ್ಲುಗಳಿವೆ. ಬ್ರಿಟನ್ನಿನ ಫಿಲಿಪ್ ಮಾರ್ಷ್ 1990ರ ದಶಕದಲ್ಲಿ ಮುಂದಿಟ್ಟ ವಿವರಣೆ ಹೆಚ್ಚು ಒಪ್ಪುವಂಥದ್ದು: ಪದೇ ಪದೇ ಸಕ್ಕರೆ ಬೀಳುವ ಬಾಯಲ್ಲಿ ಹುಳಿ ಸಹಿಸುವ ಜಾತಿಗಳೆಲ್ಲ ಮೇಲುಗೈ ಪಡೆದು, ಹುಳಿ ಸಹಿಸದ ಸೌಮ್ಯ ಜಾತಿಗಳು ಹಿಂದೆ ಸರಿಯುತ್ತವೆ. ರೋಗ ಹೊರಗಿನಿಂದ ಬಂದದ್ದಲ್ಲ, ಒಳಗಿನ ಪ್ರಮಾಣ ಏರುಪೇರಾದದ್ದು.

ನಾನು ಸಿಹಿತಿಂಡಿ ತಿನ್ನುವುದೇ ಇಲ್ಲ, ಬರೀ ಕಟಿಂಗ್ ಚಹಾ. ಆದರೂ ಹುಳುಕು ಏಕೆ?

ಉತ್ತರ ಆ ಚಹಾದಲ್ಲೇ ಇದೆ. ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಅಳೆದು ತೋರಿಸಿದಂತೆ, ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಪಾಚಿಯ ಪಿಎಚ್ ಕುಸಿಯುತ್ತದೆ. ಜೊಲ್ಲು ಅದನ್ನು ತೊಳೆದು ಮೊದಲಿನ ಮಟ್ಟಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಬೆಳಿಗ್ಗೆ ಮನೆಯಲ್ಲಿ ಒಂದು, ಕಚೇರಿ ತಲುಪಿದ ಮೇಲೆ ಒಂದು, ಊಟದ ನಂತರ, ಸಂಜೆ, ಮರಳಿ ಬರುವಾಗ ಸ್ಟೇಷನ್ನಿನಲ್ಲಿ, ಟಿವಿ ಮುಂದೆ ಬಿಸ್ಕತ್ತಿನೊಡನೆ ಇನ್ನೊಂದು: ಹೀಗೆ ದಿನಕ್ಕೆ ಆರು ಸಲವಾದರೆ ಕನಿಷ್ಠ ಮೂರು ಗಂಟೆ ನಿಮ್ಮ ಹಲ್ಲು ಹುಳಿಯಲ್ಲಿ ನೆನೆದಿರುತ್ತದೆ. ಒಟ್ಟು ಸಕ್ಕರೆ ಎಷ್ಟು ಚಮಚ ಎಂಬುದಕ್ಕಿಂತ ಎಷ್ಟು ಸಲ ಎಂಬುದು ಹಲ್ಲಿನ ಮಟ್ಟಿಗೆ ದೊಡ್ಡ ಪ್ರಶ್ನೆ.

ಇದಕ್ಕೆ ಅತಿ ಸ್ಪಷ್ಟವಾದ ಸಾಕ್ಷ್ಯ ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ 1945ರಿಂದ ಕೆಲವು ವರ್ಷ ನಡೆದ ಪ್ರಯೋಗದಿಂದ ಬಂತು. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟಗಳ ನಡುವೆ ಅಂಟಂಟಾದ ಟಾಫಿ ತಿಂದವರಲ್ಲಿ ಹುಳುಕು ವಿಪರೀತವಾಗಿ ಏರಿತು. ಬುದ್ಧಿಮಾಂದ್ಯರ ಆಶ್ರಯಧಾಮವೊಂದರ ನಿವಾಸಿಗಳ ಮೇಲೆ, ಅವರ ಸಮ್ಮತಿಯಿಲ್ಲದೆ ನಡೆಸಿದ ಆ ಪ್ರಯೋಗ ಇಂದಿನ ಯಾವ ನೈತಿಕ ಅಳತೆಯಲ್ಲೂ ನಿಲ್ಲುವುದಿಲ್ಲ ಎಂಬುದನ್ನು ಹೇಳದೆ ಅದರ ಫಲಿತಾಂಶವನ್ನಷ್ಟೇ ಉದ್ಧರಿಸುವುದು ತಪ್ಪಾಗುತ್ತದೆ.

ಬೆಲ್ಲ, ಜೇನುತುಪ್ಪ ಒಳ್ಳೆಯದಲ್ಲವೇ? ಹಬ್ಬದ ದಿನ ಏನು ಮಾಡುವುದು?

ಬೆಲ್ಲವೂ ಬಹುಪಾಲು ಸುಕ್ರೋಸೇ; ಮ್ಯೂಟನ್ಸ್‌ಗೆ ಬೆಲ್ಲಕ್ಕೂ ಸಕ್ಕರೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಜೇನಿನಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ನಿಂದ ಅಂಟು ಅಷ್ಟಾಗಿ ತಯಾರಾಗದಿದ್ದರೂ ಆಮ್ಲ ತಯಾರಾಗುತ್ತದೆ. (ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು; ಅದಕ್ಕೆ ಬಾಟ್ಯುಲಿಸಂ ಎಂಬ ಬೇರೆಯೇ ಅಪಾಯಕಾರಿ ಕಾರಣವಿದೆ.)

ಹಬ್ಬದ ದಿನ ಊಟದೊಡನೆ ತಿನ್ನುವ ಮೋದಕ, ಹೋಳಿಗೆಗಳ ಬಗ್ಗೆ ಚಿಂತಿಸಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಜೊಲ್ಲು ಧಾರಾಳವಾಗಿ ಹರಿಯುತ್ತಿರುತ್ತದೆ. ಚಿಂತಿಸಬೇಕಾದದ್ದು ಲೋಣಾವಳದಿಂದ ತಂದ ಚಿಕ್ಕಿಯ ಪೊಟ್ಟಣ ಅಥವಾ ಗೋವಾದ ದೋದೊಲ್ ಡಬ್ಬಿ ವಾರವಿಡೀ ಮೇಜಿನ ಮೇಲೆ ತೆರೆದಿದ್ದು, ಬಂದವರು ಹೋದವರು ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸದ ಬಗ್ಗೆ. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿದ ಮೇಲೆ ಏನನ್ನೂ ತಿನ್ನಬಾರದು, ಏಕೆಂದರೆ ನಿದ್ರೆಯಲ್ಲಿ ಜೊಲ್ಲಿನ ಹರಿವು ತೀರ ಕಡಿಮೆಯಾಗುತ್ತದೆ.

ಮಿಶ್ರಿಯಿಂದ ಹಲ್ಲುಜ್ಜಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ ಎನ್ನುತ್ತಾರೆ, ನಿಜವೇ?

ಮಿಶ್ರಿ ಎಂದರೆ ಹುರಿದು ಪುಡಿಮಾಡಿದ ತಂಬಾಕು. ಮಹಾರಾಷ್ಟ್ರ ಮತ್ತು ಗೋವಾದ ಹೆಂಗಸರಲ್ಲಿ ಇದರ ಬಳಕೆ ಹಳೆಯದು, ಇಲ್ಲಿಗೆ ಬಂದು ನೆಲೆಸಿದ ನಮ್ಮ ಕೆಲವು ಮನೆಗಳಿಗೂ ಅದು ಹೊಕ್ಕಿದೆ. ಹಲ್ಲುನೋವು ಶಮನವಾದಂತೆ ತೋರುವುದು ನಿಕೋಟಿನ್‌ನ ಪ್ರಭಾವ. ಮುಂದೆ ಅದೇ ಚಟವಾಗುತ್ತದೆ. ಹೊಗೆರಹಿತ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಯಾವ ಸಂದೇಹವೂ ಉಳಿದಿಲ್ಲ.

ಊರಲ್ಲಿ ಫ್ಲೋರೈಡ್‌ನಿಂದ ಹಲ್ಲು ಕಂದಾಗುತ್ತಿತ್ತು. ಇಲ್ಲಿ ಫ್ಲೋರೈಡ್ ಪೇಸ್ಟ್ ಬಳಸಿ ಎನ್ನುತ್ತಾರಲ್ಲ?

ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯಿಂದ ಪುಣೆಗೆ, ವಾಸ್ಕೋಗೆ ಬಂದವರ ಈ ಅನುಮಾನ ನ್ಯಾಯವಾದದ್ದು. ಆ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರಿಗೆ 1.5 ಮಿಲಿಗ್ರಾಂ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಂದು ಕಲೆ ಬೀಳುತ್ತದೆ. ಮುಂಬೈಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಜಲಾಶಯಗಳ ನೀರು, ಪುಣೆಗೆ ಖಡಕ್‌ವಾಸಲಾ ಸಾಲಿನ ಅಣೆಕಟ್ಟುಗಳದು. ಇಂಥ ಮೇಲ್ಮೈ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ.

ಪೇಸ್ಟಿನ ಫ್ಲೋರೈಡ್ ಕೆಲಸ ಮಾಡುವುದು ಹೊರಗಿನಿಂದ: ಕರಗತೊಡಗಿದ ಎನಾಮೆಲಿಗೆ ಖನಿಜ ಮರಳಿ ಸೇರಲು ನೆರವಾಗುತ್ತದೆ, ಮತ್ತು ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾದ ಕಿಣ್ವವೊಂದನ್ನು ತಡೆಯುತ್ತದೆ. ನಮ್ಮಲ್ಲಿ ಪೇಸ್ಟಿಗೆ ಇರುವ ಗರಿಷ್ಠ ಮಿತಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು; ನುಂಗದಂತೆ ದೊಡ್ಡವರು ಪಕ್ಕದಲ್ಲಿರಬೇಕು. ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿತುಂಬ ನೀರು ಹಾಕಿ ಮುಕ್ಕಳಿಸಿ ಎಲ್ಲವನ್ನೂ ತೊಳೆದುಬಿಡಬೇಕಾಗಿಲ್ಲ.

ಶೇಕಡಾ 99ರಷ್ಟು ಕೀಟಾಣು ಕೊಲ್ಲುವ ಮೌತ್‌ವಾಶ್ ದಿನವೂ ಬಳಸಬಹುದೇ?

ಆರೋಗ್ಯವಂತರಿಗೆ ಅದರ ಅಗತ್ಯವಿಲ್ಲ. ಮೇಲೆ ಹೇಳಿದ ಉಪಕಾರಿ ಜಾತಿಗಳೂ ಅದರಲ್ಲಿ ಸಾಯುತ್ತವೆ, ಮತ್ತೆ ಬೆಳೆಯುವಾಗ ಯಾರು ಮೇಲುಗೈ ಪಡೆಯುತ್ತಾರೆ ಎಂಬುದನ್ನು ನಿಮ್ಮ ಆಹಾರ ನಿರ್ಧರಿಸುತ್ತದೆಯೇ ಹೊರತು ಮೌತ್‌ವಾಶ್ ಅಲ್ಲ. ಕ್ಲೋರ್‌ಹೆಕ್ಸಿಡೀನ್ ಇರುವಂಥದ್ದನ್ನು ಶಸ್ತ್ರಚಿಕಿತ್ಸೆಯ ನಂತರವೋ ಒಸಡಿನ ತೊಂದರೆಗೋ ವೈದ್ಯರು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುತ್ತಾರೆ. ಹೆಚ್ಚು ಕಾಲ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ.

ಮೊಸರಿನ ಬಗ್ಗೆಯೂ ಹಲವರು ಕೇಳುತ್ತಾರೆ. ಕಾರ್ಖಾನೆಯ ಯೋಗರ್ಟ್ ತಯಾರಿಸಲು ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ನಮ್ಮ ನಾಲಿಗೆಯ ಸಲಿವೇರಿಯಸ್‌ನ ಸಮೀಪದ ಬಂಧು. ಸಕ್ಕರೆ ಹಾಕದ ಮೊಸರು ಒಳ್ಳೆಯ ಆಹಾರ, ಅಷ್ಟೇ. ಅದು ಹುಳುಕಿಗೆ ಮದ್ದಲ್ಲ. ಶ್ರೀಖಂಡವನ್ನು ಮೊಸರಿನ ಲೆಕ್ಕಕ್ಕೆ ಸೇರಿಸಬೇಡಿ.

ಹಲ್ಲುನೋವಿಗೆ ಮೆಡಿಕಲ್ ಅಂಗಡಿಯಿಂದಲೇ ಆಂಟಿಬಯೋಟಿಕ್ ತಂದು ನುಂಗಿದರೆ ಸಾಲದೇ?

ಸಾಲದು, ಮತ್ತು ಹಾನಿಯೂ ಇದೆ. ಹಲ್ಲಿನೊಳಗಿನ ನರ ಸತ್ತಿದ್ದರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದ ಕಡೆಗೆ ಗುಳಿಗೆಯ ಔಷಧವೂ ತಲುಪುವುದಿಲ್ಲ. ರೂಟ್ ಕೆನಾಲ್ ಮಾಡಿಸಬೇಕು ಇಲ್ಲವೇ ಹಲ್ಲು ಕೀಳಿಸಬೇಕು, ಕೀವಿದ್ದರೆ ಹೊರಬಿಡಬೇಕು. ಮುಖ ಊದಿಕೊಂಡು ಜ್ವರ ಬಂದಾಗ, ಸೋಂಕು ಹರಡುವಾಗ ಆಂಟಿಬಯೋಟಿಕ್ ಬೇಕಾಗುತ್ತದೆ, ಅದೂ ಚಿಕಿತ್ಸೆಯ ಜೊತೆಗೆ.

ಹಾನಿಯ ಮಾತು ಸ್ವಲ್ಪ ದೂರದ್ದು. ಅನಗತ್ಯವಾಗಿ ನುಂಗಿದ ಪ್ರತಿ ಗುಳಿಗೆಯೂ ಮೈಟಿಸ್‌ನಂಥ ನಿರುಪದ್ರವಿ ಜಾತಿಗಳಲ್ಲಿ ಔಷಧಕ್ಕೆ ಜಗ್ಗದ ತಳಿಗಳನ್ನು ಆಯ್ದು ಉಳಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಒಂದರ ವಂಶವಾಹಿ ತುಣುಕನ್ನು ಇನ್ನೊಂದು ಎತ್ತಿಕೊಳ್ಳುವುದರಲ್ಲಿ ನಿಪುಣ. ನ್ಯುಮೋನಿಯೆ ಜಾತಿಯು ಪೆನಿಸಿಲಿನ್ ನಿರೋಧವನ್ನು ಗಳಿಸಿದ್ದು ಬಹುಮಟ್ಟಿಗೆ ಮೈಟಿಸ್ ಮತ್ತು ಅದರ ಬಂಧುಗಳಿಂದ ಪಡೆದ ಇಂಥ ತುಣುಕುಗಳಿಂದಲೇ.

ಹಲ್ಲಿನ ಬ್ಯಾಕ್ಟೀರಿಯಾ ಹೃದಯಕ್ಕೆ ಹೋಗುವುದು ಹೇಗೆ?

ಒಸಡು ಮತ್ತು ಹಲ್ಲಿನ ನಡುವಿನ ಪದರ ತೀರ ತೆಳು. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ ಎಂಬುದನ್ನು ಬ್ರಿಟನ್ನಿನ ಓಕೆಲ್ ಮತ್ತು ಎಲಿಯಟ್ 1935ರಲ್ಲಿ ದಾಖಲಿಸಿದರು. ಕೀಳುವಾಗ ಮಾತ್ರವಲ್ಲ, ಒಸಡು ಉರಿಯೂತಗೊಂಡಿದ್ದರೆ ಅಗಿಯುವಾಗ, ಉಜ್ಜುವಾಗ ಕೂಡ ಹೀಗಾಗುತ್ತದೆ. ಸಾಮಾನ್ಯವಾಗಿ ನಿಮಿಷಗಳೊಳಗೆ ರಕ್ತ ಅವುಗಳನ್ನು ನಿವಾರಿಸಿಬಿಡುತ್ತದೆ. ಆದರೆ ಕವಾಟ ಮೊದಲೇ ಕೆಟ್ಟಿದ್ದರೆ ಅದರ ಒರಟು ಮೇಲ್ಮೈ ಮೇಲೆ ಫೈಬ್ರಿನ್ (ರಕ್ತವನ್ನು ಹೆಪ್ಪುಗಟ್ಟಿಸುವ ನಾರು) ಮತ್ತು ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಸಣ್ಣ ಗಡ್ಡೆ ಕೂತಿರುತ್ತದೆ. ಹಲ್ಲಿಗೆ ಅಂಟುವ ಕಲೆಯನ್ನೇ ಅಲ್ಲಿ ಪ್ರಯೋಗಿಸಿ ಸ್ಯಾಂಗ್ವಿನಿಸ್, ಒರಾಲಿಸ್, ಗಾರ್ಡೋನಿ, ಕೆಲವೊಮ್ಮೆ ಮ್ಯೂಟನ್ಸ್ ಸಹ ನೆಲೆಯೂರುತ್ತವೆ. ಇದೇ ಎಂಡೋಕಾರ್ಡೈಟಿಸ್. ವಿಲಿಯಂ ಆಸ್ಲರ್ 1885ರ ತನ್ನ ಉಪನ್ಯಾಸಗಳಲ್ಲಿ ಈ ರೋಗವನ್ನು ವಿಸ್ತಾರವಾಗಿ ವಿವರಿಸಿದ್ದ. ಪೆನಿಸಿಲಿನ್ ಬರುವವರೆಗೆ ಬಂದವರು ಬಹುತೇಕ ಉಳಿಯುತ್ತಿರಲಿಲ್ಲ.

ಬಾಯಿಯ ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಈ ರೋಗ ಮೆಲ್ಲಮೆಲ್ಲನೆ ಬೆಳೆಯುತ್ತದೆ: ವಾರಗಟ್ಟಲೆ ಬಿಡದ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಸುಸ್ತು. ಮುಂಬೈ ಮಳೆಗಾಲದಲ್ಲಿ ಇಂಥ ಜ್ವರವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಲೇರಿಯಾ, ಟೈಫಾಯ್ಡ್, ಆಮೇಲೆ ಕ್ಷಯ. ಆ ಊಹೆಗಳ ಮೇಲೆ ಒಂದಾದ ಮೇಲೊಂದು ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ಮುಂದೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ರೋಗ ಮುಚ್ಚಿಹೋಗುತ್ತದೆ. ಕವಾಟದ ತೊಂದರೆ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಔಷಧಕ್ಕೆ ಮುಂಚೆ ಮೂರು ಸಲ ಪ್ರತ್ಯೇಕವಾಗಿ ರಕ್ತ ತೆಗೆದು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳುಹಿಸಬೇಕು, ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಬೇಕು. ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕು ವಾರ, ಕೃತಕ ಕವಾಟವಿದ್ದರೆ ಆರು ವಾರ, ರಕ್ತನಾಳದ ಮೂಲಕವೇ ನಡೆಯುತ್ತದೆ.

ಹಲ್ಲು ಕೀಳಿಸುವ ಮುನ್ನ ಯಾರು ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು?

ಒಂದು ಕಾಲದಲ್ಲಿ ಹೃದಯದಲ್ಲಿ ಸಣ್ಣ ದೋಷವಿದ್ದವರಿಗೆಲ್ಲ ಕೊಡುತ್ತಿದ್ದರು. ಅಮೆರಿಕದ ಹೃದ್ರೋಗ ಸಂಘ 1955ರಿಂದ ಹೇಳುತ್ತ ಬಂದಿದ್ದ ಆ ಪಟ್ಟಿಯನ್ನು 2007ರಲ್ಲಿ ಬಹಳ ಕಿರಿದುಗೊಳಿಸಿತು. ಕೃತಕ ಕವಾಟ ಇರುವವರು ಅಥವಾ ಕವಾಟದ ದುರಸ್ತಿಗೆ ಕೃತಕ ವಸ್ತು ಬಳಸಿದವರು, ಹಿಂದೆ ಎಂಡೋಕಾರ್ಡೈಟಿಸ್ ಬಂದಿದ್ದವರು, ಕೆಲವು ಬಗೆಯ ಜನ್ಮಜಾತ ಹೃದಯದೋಷದವರು, ಹೃದಯ ಕಸಿಯ ನಂತರ ಕವಾಟ ಸೋರುವವರು: ಇವರಿಗೆ, ಒಸಡನ್ನು ಅಥವಾ ಬೇರಿನ ತುದಿಯನ್ನು ಕೆದಕುವ ಚಿಕಿತ್ಸೆಗಳಿಗೆ ಮಾತ್ರ. ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ, ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು. ಅಲರ್ಜಿ ಇರುವವರಿಗೆ ಬೇರೆ ಔಷಧಗಳಿವೆ. ಹಿಂದೆ ಬರೆಯುತ್ತಿದ್ದ ಕ್ಲಿಂಡಾಮೈಸಿನ್ ಅನ್ನು 2021ರಿಂದ ಕೈಬಿಡಲಾಗಿದೆ. ಎಕ್ಸ್‌ರೇ, ಹಾಲುಹಲ್ಲು ತಾನಾಗಿ ಬೀಳುವುದು, ತಂತಿ ಬಿಗಿಗೊಳಿಸುವುದು ಇವಕ್ಕೆ ಬೇಡ.

ಸಂಧಿವಾತ ಜ್ವರ ಮರುಕಳಿಸದಂತೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಪಡೆಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಎರಡು ಮಾತು ಅವರಿಗೆ ತಿಳಿದಿರಲಿ. ಆ ಇಂಜೆಕ್ಷನ್ ಎಂಡೋಕಾರ್ಡೈಟಿಸ್ ತಡೆಯಲು ಸಾಲದು, ಅದರ ಉದ್ದೇಶವೇ ಬೇರೆ. ಜೊತೆಗೆ ಅದನ್ನು ಪಡೆಯುತ್ತಿರುವವರ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳು ಪೆನಿಸಿಲಿನ್‌ಗೆ ಒಗ್ಗಿಕೊಂಡಿರಬಹುದಾದ್ದರಿಂದ, ಹಲ್ಲಿನ ಚಿಕಿತ್ಸೆಗೆ ಮುನ್ನ ರಕ್ಷಣೆ ಬೇಕೆನಿಸಿದರೆ ಬೇರೆ ವರ್ಗದ ಔಷಧವನ್ನು ಆರಿಸುತ್ತಾರೆ. ಹೀಗಾಗಿ ಇಂಜೆಕ್ಷನ್ ಕಾರ್ಡನ್ನು ದಂತವೈದ್ಯರಿಗೆ ತೋರಿಸಬೇಕು.

ಒಸಡಿನಿಂದ ರಕ್ತ ಬರುತ್ತದೆ. ಹೃದಯಕ್ಕೆ ಅಪಾಯವೆಂದು ಉಜ್ಜುವುದನ್ನು ಬಿಡಲೇ?

ಬಿಡಬೇಡಿ, ರಕ್ತ ಬರುವುದೇ ಪಾಚಿ ಸೇರಿರುವುದರಿಂದ. ಮೆದು ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜಿ, ಕ್ಲೀನಿಂಗ್ ಮಾಡಿಸಿಕೊಳ್ಳಿ. ಕೃತಕ ಕವಾಟ ಇರುವವರಿಗೆ ವರ್ಷಕ್ಕೊಮ್ಮೆ ನುಂಗುವ ಗುಳಿಗೆಗಿಂತ ದಿನದಿನದ ಶುಚಿಯಾದ ಒಸಡೇ ಹೆಚ್ಚಿನ ರಕ್ಷಣೆ.

ಟಾಟಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ದಂತವೈದ್ಯರ ಬಳಿಗೆ ಕಳುಹಿಸಿದರು. ಏಕೆ?

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ಬಹಳ ರೋಗಿಗಳು ಬರುತ್ತಾರೆ, ಮತ್ತು ತುರ್ತಾಗಿ ಚಿಕಿತ್ಸೆ ಆರಂಭಿಸುವ ಬದಲು ಹಲ್ಲು ನೋಡುವುದೇಕೆಂದು ಮನೆಯವರು ಅಸಮಾಧಾನಪಡುವುದುಂಟು. ಕಾರಣ ಗಟ್ಟಿಯಾಗಿದೆ. ತಲೆ ಮತ್ತು ಕುತ್ತಿಗೆಗೆ ವಿಕಿರಣ ಕೊಟ್ಟಾಗ ಜೊಲ್ಲಿನ ಗ್ರಂಥಿಗಳು ಒಣಗುತ್ತವೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸುರಿದು ಹುಳಿಯನ್ನು ತೊಳೆಯುತ್ತಿದ್ದ ಜೊಲ್ಲು ನಿಂತಾಗ ಮ್ಯೂಟನ್ಸ್‌ನಂಥ ಹುಳಿಪ್ರಿಯ ಜಾತಿಗಳು ಬೇಗ ಹೆಚ್ಚಿ, ಕೆಲವೇ ತಿಂಗಳಲ್ಲಿ ಹಲ್ಲುಗಳು ಬುಡದ ಸುತ್ತ ಕೊರೆದು ಮುರಿಯತೊಡಗುತ್ತವೆ. ಆಗ ಕೀಳೋಣವೆಂದರೆ, ವಿಕಿರಣ ತಗುಲಿದ ದವಡೆಯ ಮೂಳೆ ಮಾಯುವುದಿಲ್ಲ. ಆದ್ದರಿಂದ ಉಳಿಯದ ಹಲ್ಲನ್ನು ಮೊದಲೇ ಕಿತ್ತು, ಉಳಿಯುವುದಕ್ಕೆ ಫ್ಲೋರೈಡ್ ಹಚ್ಚುತ್ತಾರೆ.

ಕೀಮೋದ ಕಥೆ ಬೇರೆ. ಬಿಳಿರಕ್ತಕಣಗಳು ತಳ ಮುಟ್ಟಿ, ಬಾಯಿ ಹುಣ್ಣಾಗಿ ಪದರ ಕಿತ್ತುಹೋದಾಗ, ಕೆನ್ನೆಯೊಳಗಿನ ಮೈಟಿಸ್ ಮತ್ತು ಒರಾಲಿಸ್ ನೇರವಾಗಿ ರಕ್ತಕ್ಕಿಳಿದು ಪ್ರಾಣಾಂತಿಕ ಸೋಂಕನ್ನುಂಟುಮಾಡಬಲ್ಲವು. ಕೀಮೋ ನಡೆಯುತ್ತಿರುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೆದುಳಿನಲ್ಲಿ, ಯಕೃತ್ತಿನಲ್ಲಿ ಕೀವು ಆಗುವುದಕ್ಕೂ ಇವೇ ಕಾರಣವೇ?

ಕೆಲವೊಮ್ಮೆ. ಆಂಜಿನೋಸಸ್ ಗುಂಪು, ಅದರಲ್ಲೂ ಇಂಟರ್ಮೀಡಿಯಸ್ ಜಾತಿ, ಕೀವುಗಡ್ಡೆ ಮಾಡುವುದಕ್ಕೆ ಹೆಸರಾಗಿದೆ. ರಕ್ತದ ಕಲ್ಚರ್‌ನಲ್ಲಿ ಇದು ಸಿಕ್ಕರೆ ಎಲ್ಲಿಯೋ ಕೀವು ಅಡಗಿದೆಯೇ ಎಂದು ಸ್ಕ್ಯಾನ್ ಮಾಡಿಸುತ್ತಾರೆ.

ಹುಳುಕಿಗೆ ಲಸಿಕೆ ಇದೆಯೇ?

ಬಳಕೆಯಲ್ಲಿ ಯಾವುದೂ ಇಲ್ಲ. ದಶಕಗಳಿಂದ ಪ್ರಯತ್ನ ನಡೆದಿದೆ. ಫಿನ್‌ಲ್ಯಾಂಡಿನ ತುರ್ಕುವಿನಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳ ನಂತರ ಜೈಲಿಟಾಲ್ ಎಂಬ ಸಿಹಿ ಪದಾರ್ಥ ಜನಪ್ರಿಯವಾಯಿತು; ಮ್ಯೂಟನ್ಸ್ ಅದನ್ನು ಆಮ್ಲವಾಗಿಸಲಾರದು. ಸಕ್ಕರೆ ಹಾಕಿದ ಚ್ಯೂಯಿಂಗ್ ಗಮ್ ಬದಲು ಅದು ಮೇಲು.

ಕಡಿಮೆ ಖರ್ಚಿನಲ್ಲಿ ಎಲ್ಲಿ ತೋರಿಸಬಹುದು?

ಮುಂಬೈಯಲ್ಲಿ ಸಿಎಸ್‌ಎಂಟಿ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜು, ಗೋವಾದಲ್ಲಿ ಬಾಂಬೋಳಿಯ ಗೋವಾ ದಂತ ಕಾಲೇಜು ಇವೆ. ಪುಣೆಯಲ್ಲಿ ಹಲವು ದಂತ ಕಾಲೇಜುಗಳ ಹೊರರೋಗಿ ವಿಭಾಗಗಳು ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುತ್ತವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದರೆ ಡಿಸ್ಚಾರ್ಜ್ ಕಾಗದ, ರಕ್ತ ತೆಳುವಾಗಿಸುವ ಗುಳಿಗೆಯ ಚೀಟಿ, ಹಿಂದೆ ಯಾವುದಾದರೂ ಆಂಟಿಬಯೋಟಿಕ್ ಒಗ್ಗದಿದ್ದರೆ ಅದರ ಹೆಸರು ಇವು ಜೊತೆಗಿರಲಿ, ಮತ್ತು ವೈದ್ಯರು ಕೇಳುವವರೆಗೆ ಕಾಯದೆ ಕುರ್ಚಿಯಲ್ಲಿ ಕೂರುವ ಮೊದಲೇ ಅವನ್ನು ಅವರ ಕೈಗೆ ಕೊಡಿ.